ಟ್ರೇಲರ್ ಸಿಕ್ಕಿಸಿದಾಗ ಪಿಕಪ್‌ನ ಹಿಂಭಾಗ ಕುಸಿಯುತ್ತಿದೆಯಾ? ಮೊದಲು ಮುಂದಿನ ಚಕ್ರ ನೋಡಿ

ಟ್ರೇಲರ್ ಸಿಕ್ಕಿಸಿ ಅದರ ಜ್ಯಾಕ್ ಎತ್ತಿದ ಕೂಡಲೇ ಪಿಕಪ್‌ನ ಹಿಂಭಾಗ ಕೆಳಗೆ ಕೂರುತ್ತದೆ. ಮೂತಿ ಮೇಲೇಳುತ್ತದೆ. ಹೈವೇ ಹತ್ತಿದ ಮೇಲೆ ಸ್ಟೀರಿಂಗ್ ಹಗುರ ಅನಿಸುತ್ತದೆ. ಗಾಡಿ ಲೇನ್ ಒಳಗೇ ಅತ್ತಿತ್ತ ಅಲೆಯುತ್ತದೆ. ರಾತ್ರಿ ಎದುರಿನಿಂದ ಬರುವವರು ನೀವು ಹೈಬೀಮ್ ಹಾಕಿದ್ದೀರಿ ಅಂದುಕೊಂಡು ಲೈಟ್ ಮಿಟುಕಿಸುತ್ತಾರೆ.

ಅಮೆರಿಕದಲ್ಲಿ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಮಕ್ಕಳ ಜೊತೆ ನ್ಯಾಷನಲ್ ಪಾರ್ಕ್‌ಗಳಿಗೆ ಹೋಗುವ ಕನ್ನಡದ ಕುಟುಂಬಗಳಿವೆ. ಊರಿನಿಂದ ಬಂದ ಅಪ್ಪ ಅಮ್ಮನೂ ಎಷ್ಟೋ ಸಲ ಹಿಂದಿನ ಸೀಟಿನಲ್ಲಿರುತ್ತಾರೆ. ಹಿಂಭಾಗ ಕುಸಿದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಏರ್ ಸ್ಪ್ರಿಂಗ್, ಅಂದರೆ ಹಿಂದಿನ ಆಕ್ಸಲ್ ಮೇಲೆ ಕೂರುವ, ಗಾಳಿ ತುಂಬುವ ರಬ್ಬರ್ ಚೀಲ. ಅದನ್ನು ಹಾಕಿಸಿದರೆ ಹಿಂಭಾಗ ಮೇಲೇಳುತ್ತದೆ, ಗಾಡಿ ಮಟ್ಟವಾಗಿ ಕಾಣುತ್ತದೆ, ಸಮಾಧಾನ ಆಗುತ್ತದೆ. ಆದರೆ ದೋಷ ಎಲ್ಲಿತ್ತೋ ಅಲ್ಲೇ ಉಳಿದಿರಬಹುದು. ಹಿಂಭಾಗ ಕುಸಿಯುವುದು ಬರೀ ಕಣ್ಣಿಗೆ ಕಾಣುವ ಲಕ್ಷಣ. ಅಪಾಯ ಇರುವುದು ತೂಕ ಕಳೆದುಕೊಂಡ ಮುಂದಿನ ಚಕ್ರಗಳಲ್ಲಿ. ಗಾಡಿ ತಿರುಗುವುದು ಅವುಗಳಿಂದ. ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವುದೂ ಅವೇ.

ಅದಕ್ಕೇ ಏನನ್ನಾದರೂ ಕೊಳ್ಳುವ ಮೊದಲು ಒಂದು ಅಳತೆ ಟೇಪ್ ಹಿಡಿದು ಗಾಡಿಯ ಸುತ್ತ ಓಡಾಡಿ. ಈ ಬರಹದ ಮುಕ್ಕಾಲು ಭಾಗ ಆ ಅಳತೆಯ ಬಗ್ಗೆಯೇ ಇದೆ.

ಮುಂಭಾಗ ಯಾಕೆ ಏಳುತ್ತದೆ

ಟ್ರೇಲರ್ ಸಿಕ್ಕಿಸಲು ಪಿಕಪ್ ಹಿಂದೆ ಇರುವ ಜೋಡಣೆಯೇ ಹಿಚ್. ಟ್ರೇಲರ್ ಕೂರುವ ಅದರ ಗುಂಡು, ಅಂದರೆ ಬಾಲ್, ಇರುವುದು ಹಿಂದಿನ ಆಕ್ಸಲ್‌ನ ಮೇಲಲ್ಲ, ಅದರಿಂದ ಇನ್ನೂ ಹಿಂದೆ. ದೊಡ್ಡ ಕ್ಯಾಬ್ ಇರುವ ಹಾಫ್ ಟನ್ ಪಿಕಪ್ (ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗದ್ದು) ಅಂದುಕೊಳ್ಳಿ, ಫೋರ್ಡ್ ಎಫ್-150 ಥರದ್ದು. ಎರಡು ಆಕ್ಸಲ್‌ಗಳ ನಡುವೆ ಸುಮಾರು 12 ಅಡಿ. ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ ಸುಮಾರು 5 ಅಡಿ. ಬಾಲ್ ಮೇಲೆ ಟ್ರೇಲರ್ 800 ಪೌಂಡ್ ಒತ್ತುತ್ತಿದೆ ಅಂತಿರಲಿ, ಅಂದರೆ ಸುಮಾರು 360 ಕಿಲೋ. 800 ಅನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿದರೆ 333. ಮುಂದಿನ ಆಕ್ಸಲ್ ಅಷ್ಟು ಪೌಂಡ್ ಕಳೆದುಕೊಳ್ಳುತ್ತದೆ. ಆ 333 ಎಲ್ಲೂ ಮಾಯವಾಗುವುದಿಲ್ಲ, ಹಿಂದಿನ ಆಕ್ಸಲ್‌ಗೆ ಹೋಗಿ ಸೇರುತ್ತದೆ. ಹಾಗಾಗಿ ಹಿಂದೆ ಏರುವುದು 800 ಅಲ್ಲ, 1,133.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಎಲ್ಲೂ ಬರಲಿಲ್ಲ, ಗಮನಿಸಿ. ಹಿಂದಿನ ಸ್ಪ್ರಿಂಗ್ ಮೆತ್ತಗಿದ್ದರೆ ಗಾಡಿ ಜಾಸ್ತಿ ಕೂರುತ್ತದೆ, ಗಟ್ಟಿ ಇದ್ದರೆ ಕಡಿಮೆ ಕೂರುತ್ತದೆ. ಮುಂದಿನ ಆಕ್ಸಲ್ ಕಳೆದುಕೊಳ್ಳುವ ತೂಕ ಮಾತ್ರ ಎರಡರಲ್ಲೂ ಒಂದೇ. ಏರ್ ಸ್ಪ್ರಿಂಗ್ ಹಾಕಿದರೂ ಅಷ್ಟೇ, ರಬ್ಬರ್ ಹೆಲ್ಪರ್ ಹಾಕಿದರೂ ಅಷ್ಟೇ, ಹೆಚ್ಚುವರಿ ಕಮಾನು ಪಟ್ಟಿ ಸೇರಿಸಿದರೂ ಅಷ್ಟೇ. ಇವೆಲ್ಲ ಹಿಂಭಾಗವನ್ನು ಎತ್ತುತ್ತವೆ. ತೂಕವನ್ನು ಮುಂದಕ್ಕೆ ಕಳಿಸುವುದಿಲ್ಲ.

ಇದರಿಂದ ನಮಗೊಂದು ಅನುಕೂಲವೂ ಇದೆ. ಮುಂದಿನ ಸ್ಪ್ರಿಂಗ್‌ಗಳನ್ನು ಯಾರೂ ಮುಟ್ಟಿರುವುದಿಲ್ಲ. ಅವುಗಳ ಮೇಲಿನ ತೂಕ ಎಷ್ಟು ಇಳಿಯಿತೋ ಅದಕ್ಕೆ ತಕ್ಕಂತೆ ಮುಂಭಾಗ ಏಳುತ್ತದೆ. ಮುಂದಿನ ಫೆಂಡರ್, ಅಂದರೆ ಚಕ್ರದ ಮೇಲಿನ ಕಮಾನಿನ ತಗಡು, ಎಷ್ಟು ಎತ್ತರದಲ್ಲಿದೆ ಅಂತ ನೋಡಿದರೆ ತೂಕ ಹೋಯಿತಾ, ವಾಪಸ್ ಬಂತಾ ಅಂತ ಮನೆಯಲ್ಲೇ ಗೊತ್ತಾಗುತ್ತದೆ. ಹಿಂದಿನ ಬಂಪರ್ ನೋಡಿದರೆ ಗೊತ್ತಾಗುವುದಿಲ್ಲ.

ಟೇಪ್ ಹಿಡಿದು ಮಾಡುವ ಪರೀಕ್ಷೆ

ಸಮತಟ್ಟಾದ ಜಾಗ ಬೇಕು. ಮನೆ ಮುಂದಿನ ಡ್ರೈವ್‌ವೇ ಹೆಚ್ಚಾಗಿ ಇಳಿಜಾರಾಗಿರುತ್ತದೆ. ಖಾಲಿ ಇರುವ ಅಂಗಡಿ ಪಾರ್ಕಿಂಗ್ ಜಾಗ ಒಳ್ಳೆಯದು. ಪ್ರವಾಸಕ್ಕೆ ಹೊರಟಾಗ ಗಾಡಿಯಲ್ಲಿ ಏನೆಲ್ಲ ಇರುತ್ತದೋ ಅದೆಲ್ಲ ಇರಲಿ: ಟ್ಯಾಂಕ್ ತುಂಬ ಪೆಟ್ರೋಲ್, ಸಾಮಾನು, ಸಾಧ್ಯವಾದರೆ ಜನವೂ. ಟೈರ್ ಗಾಳಿ ಮೊದಲೇ ಸರಿ ಮಾಡಿಕೊಳ್ಳಿ.

ಪ್ರತಿ ಚಕ್ರದ ನಡುಮಧ್ಯದ ನೇರಕ್ಕೆ, ನೆಲದಿಂದ ಫೆಂಡರ್‌ನ ಕೆಳ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಚಕ್ರ. ಅಳೆಯುವ ಜಾಗದಲ್ಲಿ ಸಣ್ಣ ಟೇಪ್ ತುಂಡು ಅಂಟಿಸಿಬಿಟ್ಟರೆ ಪ್ರತಿ ಸಲ ಅದೇ ಜಾಗ ಸಿಗುತ್ತದೆ. ಇದನ್ನು ಮೂರು ಸಲ ಮಾಡಬೇಕು.

1. ಟ್ರೇಲರ್ ಇಲ್ಲದೆ.
2. ಟ್ರೇಲರ್ ಬಾಲ್ ಮೇಲೆ ಪೂರ್ತಿ ಕೂತ ಮೇಲೆ, ಆದರೆ ತೂಕ ಹಂಚುವ ಹಿಚ್‌ನ ಸ್ಪ್ರಿಂಗ್ ಬಾರ್‌ಗಳನ್ನು ಹಾಕದೆ. (ಈ ಥರದ ಹಿಚ್‌ನಲ್ಲಿ ಹಿಚ್‌ನಿಂದ ಟ್ರೇಲರ್ ಫ್ರೇಮ್‌ಗೆ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳಿರುತ್ತವೆ. ಅವನ್ನು ಬಾಗಿಸಿ ಬಿಗಿದರೆ ಹಿಂದಿನ ಆಕ್ಸಲ್‌ನ ಸ್ವಲ್ಪ ತೂಕ ಮುಂದಕ್ಕೂ ಟ್ರೇಲರ್ ಚಕ್ರಗಳಿಗೂ ಹೋಗುತ್ತದೆ.)
3. ಬಾರ್‌ಗಳನ್ನು ಬಿಗಿದ ಮೇಲೆ. ನಿಮ್ಮ ಹತ್ತಿರ ಅಂಥ ಹಿಚ್ ಇಲ್ಲದಿದ್ದರೆ ಎರಡೇ ಅಳತೆ ಸಾಕು.

ಒಂದು ಉದಾಹರಣೆ. ಟ್ರೇಲರ್ ಇಲ್ಲದೆ ಮುಂದಿನ ಫೆಂಡರ್ 36 ಇಂಚು. ಟ್ರೇಲರ್ ಕೂತ ಮೇಲೆ 37. ಮುಂಭಾಗ ಒಂದು ಇಂಚು ಎದ್ದಿದೆ. ಬಾರ್ ಬಿಗಿದ ಮೇಲೆ ಅದು ಮೂವತ್ತಾರೂವರೆಗೆ ಇಳಿದರೆ, ಕಳೆದುಕೊಂಡದ್ದರಲ್ಲಿ ಅರ್ಧ ವಾಪಸ್ ಬಂದಿದೆ ಅಂತ ಅರ್ಥ. ಹಾಫ್ ಟನ್ ಪಿಕಪ್‌ಗಳಿಗೆ ಈ ಅರ್ಧ ಅನ್ನುವುದು ಒಳ್ಳೆಯ ಗುರಿ. ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುತ್ತದೆ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಟ್ರೇಲರ್ ಎಳೆಯುವ ಅಧ್ಯಾಯ ತೆಗೆದು ನೋಡಿ, ಅಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಪೂರ್ತಿ 36ಕ್ಕೆ ಇಳಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ಅನಿಸಬಹುದು. ಹಾಗಲ್ಲ. ಮುಂದಕ್ಕೆ ತೂಕ ತಳ್ಳಿದಷ್ಟೂ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಟ್ರೇಲರ್ ಪಕ್ಕಕ್ಕೆ ತಳ್ಳುವುದು ಗಾಡಿಯ ಹಿಂಭಾಗವನ್ನೇ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಸರಿಪಡಿಸಿಕೊಳ್ಳುವುದು ಬಹಳ ಕಷ್ಟ. ಮೂರನೇ ಅಳತೆ ಮೊದಲನೇ ಅಳತೆಗಿಂತ ಕೆಳಗೆ ಬಂದಿದ್ದರಂತೂ ಹಾಗೇ ಹೊರಡಬೇಡಿ, ಬಾರ್ ಸಡಿಲಿಸಿ.

ಹಿಂಭಾಗ ಟ್ರೇಲರ್ ಇಲ್ಲದಾಗ ಇದ್ದ ಎತ್ತರಕ್ಕೇ ವಾಪಸ್ ಬರಬೇಕು ಅನ್ನುವ ಆಸೆಯನ್ನೂ ಬಿಡಿ. ಖಾಲಿ ಪಿಕಪ್ ಹೆಚ್ಚಾಗಿ ಹಿಂದೆ ಸ್ವಲ್ಪ ಎತ್ತರಕ್ಕೇ ನಿಂತಿರುತ್ತದೆ, ಹೊರೆ ಹೇರಿದಾಗ ಕೂರಲಿ ಅಂತಲೇ. ಮುಂಭಾಗದ ಅಳತೆ ಸರಿಯಿದ್ದು, ತೂಕ ಮಿತಿಯೊಳಗಿದ್ದು, ಹಿಂದೆ ಒಂದೆರಡು ಇಂಚು ಇಳಿದಿದ್ದರೆ ಅದು ದೋಷ ಅಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ನೋಟಕ್ಕೆ ಅಂತ ಮುಂದೆ ಲೆವೆಲಿಂಗ್ ಕಿಟ್ ಹಾಕಿಸಿ ಎರಡು ಇಂಚು ಎತ್ತಿಸಿದ್ದರೆ, ಹಿಂದಿನ ಆ ಎತ್ತರದ ಅನುಕೂಲ ಆಗಲೇ ಹೋಗಿದೆ. ಅಂಥ ಗಾಡಿ ಸ್ವಲ್ಪ ಹೊರೆಗೇ ಕುಸಿದಂತೆ ಕಾಣುತ್ತದೆ.

ತೂಕದ ಚೀಟಿ ಸಿಕ್ಕರೆ ಇನ್ನೂ ಸ್ಪಷ್ಟ

ಟೇಪ್ ದಿಕ್ಕು ತೋರಿಸುತ್ತದೆ. ನಿಜವಾದ ಸಂಖ್ಯೆ ಬೇಕು ಅಂದರೆ ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್‌ಗೆ ಹೋಗಿ. ದೊಡ್ಡ ಲಾರಿಗಳಿಗೆ ಮಾಡಿದ್ದು, ಆದರೆ ನಾವೂ ಬಳಸಬಹುದು. ಅದರಲ್ಲಿ ಬೇರೆ ಬೇರೆ ತಟ್ಟೆಗಳಿರುತ್ತವೆ. ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ನಿಲ್ಲಬೇಕು. ಅದೇ ದಿನ ಅದೇ ಜಾಗದಲ್ಲಿ ಮತ್ತೆ ತೂಗಿದರೆ ಎರಡನೇ ಸಲಕ್ಕೆ ಕಡಿಮೆ ಹಣ.

ಇಲ್ಲೂ ಮೂರು ಸಲ ತೂಗಿ: ಬಾರ್ ಬಿಗಿದು, ಬಾರ್ ಬಿಚ್ಚಿ, ಟ್ರೇಲರ್ ಕಳಚಿಟ್ಟು. ಚೀಟಿಗಳು ಹೇಗೆ ಮಾತಾಡುತ್ತವೆ ಅಂತ ತೋರಿಸಲು ಮೇಲಿನ ಲೆಕ್ಕಕ್ಕೆ ಹೊಂದುವ ಸಂಖ್ಯೆಗಳನ್ನು ಇಡುತ್ತೇನೆ, ಎಲ್ಲ ಪೌಂಡ್‌ನಲ್ಲಿ.

ಗಾಡಿ ಮಾತ್ರ: ಮುಂದೆ 3,300, ಹಿಂದೆ 2,700.
ಟ್ರೇಲರ್ ಜೊತೆ, ಬಾರ್ ಇಲ್ಲದೆ: ಮುಂದೆ 2,960, ಹಿಂದೆ 3,840, ಟ್ರೇಲರ್ ಚಕ್ರಗಳ ಮೇಲೆ 6,200.
ಬಾರ್ ಬಿಗಿದು: ಮುಂದೆ 3,120, ಹಿಂದೆ 3,600, ಟ್ರೇಲರ್ ಚಕ್ರಗಳ ಮೇಲೆ 6,280.

ಗಾಡಿಯ ಒಟ್ಟು ತೂಕ 6,000ದಿಂದ 6,800 ಆಯಿತು. ಹಾಗಾದರೆ ಬಾಲ್ ಮೇಲಿನ ತೂಕ 800. ಟ್ರೇಲರ್‌ನ ಒಟ್ಟು ತೂಕ 800 ಮತ್ತು 6,200 ಸೇರಿ 7,000. ಬಾಲ್ ಮೇಲಿರುವುದು ಅದರ ಶೇಕಡಾ 11ಕ್ಕೂ ಸ್ವಲ್ಪ ಜಾಸ್ತಿ. ಇದು ಸರಿಯಾದ ವ್ಯಾಪ್ತಿಯಲ್ಲೇ ಇದೆ. ಮುಂದಿನ ಆಕ್ಸಲ್ 340 ಕಳೆದುಕೊಂಡಿತ್ತು, ಬಾರ್ ಬಿಗಿದಾಗ 160 ವಾಪಸ್ ಪಡೆಯಿತು, ಹತ್ತಿರ ಹತ್ತಿರ ಅರ್ಧ. ಬಾರ್‌ಗಳು ಏನು ಮಾಡುತ್ತವೆ ಅನ್ನುವುದೂ ಇಲ್ಲೇ ಕಾಣುತ್ತದೆ. ಹಿಂದಿನ ಆಕ್ಸಲ್‌ನಿಂದ 240 ತೆಗೆದು 160 ಮುಂದಕ್ಕೂ 80 ಟ್ರೇಲರ್ ಚಕ್ರಗಳಿಗೂ ಕೊಟ್ಟಿವೆ.

ಈ ಸಂಖ್ಯೆಗಳನ್ನು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ಗಳ ಜೊತೆ ಹೋಲಿಸಿ. ಒಂದರಲ್ಲಿ ಪ್ರತಿ ಆಕ್ಸಲ್‌ನ ಮಿತಿ ಮತ್ತು ಗಾಡಿಯ ಒಟ್ಟು ತೂಕದ ಮಿತಿ ಇರುತ್ತದೆ. ಇನ್ನೊಂದರಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಹೇರಬಹುದು ಅಂತ ಇರುತ್ತದೆ. ಈ ಎರಡನೆಯದನ್ನು ನೋಡದೆ ಟ್ರೇಲರ್ ಕೊಂಡವರೇ ಜಾಸ್ತಿ. ಜಾಹೀರಾತಿನಲ್ಲಿ 10,000 ಪೌಂಡ್ ಎಳೆಯುತ್ತದೆ ಅಂತ ಇರುತ್ತದೆ, ಅದು ನಿಜವೂ ಇರಬಹುದು. ಆದರೆ ಸ್ಟಿಕ್ಕರ್‌ನಲ್ಲಿ 1,500 ಅಂತಿದ್ದರೆ ಲೆಕ್ಕ ಹಾಕಿ. ನಾಲ್ಕು ಜನ 600, ಹಿಚ್ ತಾನೇ 100, ಬಾಲ್ ಮೇಲೆ 800. ಅಲ್ಲಿಗೆ 1,500 ಮುಗಿಯಿತು. ಹಿಂದಿನ ಬೆಡ್‌ನಲ್ಲಿ (ಸಾಮಾನು ಹೇರುವ ತೆರೆದ ಭಾಗದಲ್ಲಿ) ಸೈಕಲ್, ಜನರೇಟರ್, ಸೌದೆ ಇಡಲು ಒಂದು ಪೌಂಡ್ ಜಾಗವೂ ಉಳಿದಿಲ್ಲ. ಗಾಡಿ ಕುಸಿಯುವುದಕ್ಕೆ ಇದೇ ಕಾರಣ ಆಗಿದ್ದರೆ ಯಾವ ಸ್ಪ್ರಿಂಗೂ ಪರಿಹಾರ ಅಲ್ಲ. ಏರ್ ಸ್ಪ್ರಿಂಗ್ ಹಾಕಿದರೆ ಸ್ಟಿಕ್ಕರ್‌ನ ಸಂಖ್ಯೆ ಬದಲಾಗುವುದಿಲ್ಲ. ಟೈರ್, ಆಕ್ಸಲ್, ಬ್ರೇಕ್, ಫ್ರೇಮ್ ಎಲ್ಲ ಹಳೆಯವೇ ತಾನೇ.

ಬಾಲ್ ಮೇಲೆ ತೂಕ ಜಾಸ್ತಿಯಾ, ಕಡಿಮೆಯಾ

ಬಾಲ್ ಸಿಕ್ಕಿಸಿ ಎಳೆಯುವ ಟ್ರೇಲರ್‌ನಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15 ಬಾಲ್ ಮೇಲೆ ಇರಬೇಕು. ಬ್ರೋಷರ್‌ನಲ್ಲಿ ಬರೆದ ಹಿಚ್ ತೂಕವನ್ನು ನಂಬಬೇಡಿ. ಅದು ಖಾಲಿ ಟ್ರೇಲರ್‌ನದು. ಅದರಲ್ಲಿ ಹೆಚ್ಚಾಗಿ ಬ್ಯಾಟರಿ ಇರುವುದಿಲ್ಲ, ತುಂಬಿದ ಗ್ಯಾಸ್ ಸಿಲಿಂಡರ್ ಇರುವುದಿಲ್ಲ. ಆ ಎರಡೂ ಕೂರುವುದು ಟ್ರೇಲರ್ ಮೂತಿಯ ಮೇಲೇ. ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ಹುಡುಕಿ. ಒಂದು ಗ್ಯಾಲನ್ ನೀರು 8 ಪೌಂಡ್‌ಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. 40 ಗ್ಯಾಲನ್ ಟ್ಯಾಂಕ್ ಟ್ರೇಲರ್ ಚಕ್ರಗಳಿಗಿಂತ ಮುಂದಿದ್ದು ತುಂಬಿದ್ದರೆ ಮೂತಿ ಭಾರವಾಗುತ್ತದೆ. ಹಿಂದಿದ್ದರೆ ಮೂತಿ ಹಗುರಾಗುತ್ತದೆ. ನಿನ್ನೆ ಸರಿಯಿದ್ದ ಗಾಡಿ ಇವತ್ತು ಕುಸಿದಿದೆ ಅಂದರೆ ಮೊದಲು ನೀರನ್ನೇ ಅನುಮಾನಿಸಿ.

ಈ ತೂಕವನ್ನು ಮನೆಯಲ್ಲಿ ತೂಗಲು ಬಾತ್‌ರೂಮ್ ತೂಕದ ಯಂತ್ರ ಸಾಕು. ಗಟ್ಟಿಯಾದ ಮರದ ತೊಲೆ ತಗೊಳ್ಳಿ. ಅದರ ಒಂದು ತುದಿಯನ್ನು ಇಟ್ಟಿಗೆ ಮೇಲೆ, ಇನ್ನೊಂದು ತುದಿಯನ್ನು ಯಂತ್ರದ ಮೇಲೆ ಇಡಿ. ಎರಡೂ ಕಡೆ ತೊಲೆ ಕೂರುವ ಜಾಗಕ್ಕೆ ಒಂದೊಂದು ಕೊಳವೆ ತುಂಡು ಕೊಡಿ, ಆ ಎರಡರ ನಡುವೆ ಸರಿಯಾಗಿ 3 ಅಡಿ ಇರಲಿ. ಇಟ್ಟಿಗೆ ಕಡೆಯಿಂದ 1 ಅಡಿ ದೂರದಲ್ಲಿ ಟ್ರೇಲರ್ ಜ್ಯಾಕ್ ಇಳಿಸಿ. ಯಂತ್ರ ತೋರಿಸಿದ ಸಂಖ್ಯೆಯನ್ನು 3ರಿಂದ ಗುಣಿಸಿ. ಬರೀ ತೊಲೆ ಇದ್ದಾಗ ಯಂತ್ರ ತೋರಿಸಿದ್ದನ್ನು ಗುಣಿಸುವ ಮೊದಲೇ ಕಳೆದುಕೊಳ್ಳಿ. ಟ್ರೇಲರ್ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಟ್ಟಿರಬೇಕು, ಟ್ರೇಲರ್ ಮಟ್ಟವಾಗಿರಬೇಕು.

ಇಲ್ಲೇ ಒಂದು ದೊಡ್ಡ ಎಚ್ಚರಿಕೆ. ಗಾಡಿ ಕುಸಿಯುತ್ತದೆ ಅಂತ ಟ್ರೇಲರ್ ಒಳಗಿನ ಸಾಮಾನನ್ನೆಲ್ಲ ಹಿಂದಕ್ಕೆ ಸರಿಸುವವರಿದ್ದಾರೆ. ಪಿಕಪ್ ತಕ್ಷಣ ಮಟ್ಟವಾಗುತ್ತದೆ. ಇದಕ್ಕಿಂತ ಅಪಾಯದ ಉಪಾಯ ಇಲ್ಲ. ಎತ್ತಿನ ಗಾಡಿಗೆ ಹೊರೆ ಹೇರುವವರಿಗೆ ಇದು ಚೆನ್ನಾಗಿ ಗೊತ್ತು: ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ನೊಗವೇ ಮೇಲೆದ್ದು ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಟ್ರೇಲರ್ ಹಿಂಭಾರವಾದರೆ 60 ಮೈಲಿ ವೇಗದಲ್ಲಿ ಹಾವಿನ ಹಾಗೆ ಹೊರಳಲು ಶುರು ಮಾಡುತ್ತದೆ. ಹಾಗೆ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಬ್ರೇಕ್ ಕಂಟ್ರೋಲರ್‌ನಿಂದ (ಟ್ರೇಲರ್ ಬ್ರೇಕ್ ನಡೆಸಲು ಡ್ರೈವರ್ ಹತ್ತಿರ ಇರುವ ಸಾಧನ) ಟ್ರೇಲರ್ ಬ್ರೇಕನ್ನು ಮಾತ್ರ ಕೈಯಲ್ಲಿ ಮೆತ್ತಗೆ ಹಾಕಿ. ಗಾಡಿಯ ಬ್ರೇಕ್ ಒತ್ತಿಬಿಡಬೇಡಿ. ಸಾಮಾನಿನ ತೂಕದಲ್ಲಿ ಸುಮಾರು ಶೇಕಡಾ 60 ಟ್ರೇಲರ್ ಚಕ್ರಗಳಿಗಿಂತ ಮುಂದೆ ಇರುವ ಹಾಗೆ ಹೇರುವುದು ರೂಢಿ. ಅದನ್ನು ಕೆಡಿಸಬೇಡಿ.

ಬಾಲ್ ಮೇಲೆ ಶೇಕಡಾ 15 ದಾಟಿದ್ದರೆ ಆಗ ಸ್ವಲ್ಪ ಹಿಂದಕ್ಕೆ ಸರಿಸುವುದು ಸರಿ. ಸರಿಸಿದ ಮೇಲೆ ಮತ್ತೆ ತೂಗಿ, ಊಹೆ ಮೇಲೆ ಹೊರಡಬೇಡಿ.

ಟ್ರೇಲರ್ ತಾನೇ ಮಟ್ಟವಾಗಿದೆಯಾ

ಪಿಕಪ್ ಮಟ್ಟ ಬೇರೆ, ಟ್ರೇಲರ್ ಮಟ್ಟ ಬೇರೆ. ಟ್ರೇಲರ್ ಫ್ರೇಮ್‌ನ ಮುಂದಿನ ತುದಿ ಮತ್ತು ಹಿಂದಿನ ತುದಿಯನ್ನು ನೆಲದಿಂದ ಅಳೆಯಿರಿ. ಎರಡೂ ಒಂದೇ ಇರಬೇಕು, ಇಲ್ಲವೇ ಮುಂದೆ ಸ್ವಲ್ಪ ತಗ್ಗಿರಬಹುದು. ಮೂತಿ ಮೇಲೆದ್ದಿದ್ದರೆ ಟ್ರೇಲರ್ ತೂಗಾಡುವ ಸಾಧ್ಯತೆ ಜಾಸ್ತಿ. ಎರಡು ಆಕ್ಸಲ್ ಇರುವ ಟ್ರೇಲರ್‌ನಲ್ಲಿ ಹಿಂದಿನ ಟೈರ್‌ಗಳ ಮೇಲೆ ಭಾರ ಬೀಳುತ್ತದೆ. ತೀರಾ ತಗ್ಗಿದ್ದರೆ ಮುಂದಿನ ಟೈರ್‌ಗಳ ಮೇಲೆ.

ಇದಕ್ಕೆ ಪರಿಹಾರ ಸ್ಪ್ರಿಂಗ್ ಅಲ್ಲ, ಬಾಲ್ ಮೌಂಟ್‌ನ, ಅಂದರೆ ಬಾಲ್ ಹೊತ್ತಿರುವ ತುಂಡಿನ, ಎತ್ತರ. ಟ್ರೇಲರನ್ನು ಜ್ಯಾಕ್ ಮೇಲೆ ಮಟ್ಟವಾಗಿ ನಿಲ್ಲಿಸಿ, ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್ ತುದಿ) ಎಷ್ಟು ಎತ್ತರದಲ್ಲಿದೆ ಅಂತ ಅಳೆಯಿರಿ. ಗಾಡಿ ಕೂತಾಗ ಬಾಲ್ ಆ ಎತ್ತರಕ್ಕೆ ಬರುವ ಹಾಗೆ ಮೌಂಟ್ ಆರಿಸಿ ಅಥವಾ, ತೂಕ ಹಂಚುವ ಹಿಚ್ ಆದರೆ, ಬಾಲ್ ಕೂರುವ ಹಿಚ್ ತಲೆಯ ಬೋಲ್ಟ್‌ಗಳನ್ನು ಒಂದು ತೂತು ಮೇಲೆ ಕೆಳಗೆ ಮಾಡಿ.

ತೂಕ ಹಂಚುವ ಹಿಚ್ ಇದ್ದೂ ಮುಂಭಾಗ ಇಳಿಯದಿದ್ದರೆ

ಮೊದಲು ರಿಸೀವರ್ (ಪಿಕಪ್ ಹಿಂದೆ ಹಿಚ್ ತೂರಿಸುವ ಚೌಕ ಕೊಳವೆ) ಮೇಲಿನ ಲೇಬಲ್ ಓದಿ. ಅದರಲ್ಲಿ ಎರಡು ಸಾಲು ಸಂಖ್ಯೆ ಇರುತ್ತವೆ: ಸುಮ್ನೆ ಬಾಲ್ ಮೇಲೆ ಎಳೆದರೆ ಎಷ್ಟು, ತೂಕ ಹಂಚುವ ಹಿಚ್ ಇದ್ದರೆ ಎಷ್ಟು. ಎಷ್ಟೋ ಹಾಫ್ ಟನ್ ಗಾಡಿಗಳಲ್ಲಿ ಮೊದಲನೇ ಸಾಲು ಬಾಲ್ ಮೇಲೆ 500 ಪೌಂಡ್‌ಗೆ ನಿಂತುಬಿಡುತ್ತದೆ. 800 ಪೌಂಡ್ ಇಟ್ಟವರಿಗೆ ಈ ಹಿಚ್ ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ.

ಹಿಚ್ ಇದೆ, ಆದರೂ ಮುಂಭಾಗ ಸಾಕಷ್ಟು ಇಳಿಯುತ್ತಿಲ್ಲ. ಆಗ ನೋಡಬೇಕಾದದ್ದು ಮೂರು. ಒಂದು, ಚೈನ್. ಸ್ಪ್ರಿಂಗ್ ಬಾರನ್ನು ಎತ್ತಿ ಹಿಡಿಯುವ ಚೈನ್‌ನಲ್ಲಿ ಒಂದು ಕೊಂಡಿ ಮೇಲಕ್ಕೆ ಸಿಕ್ಕಿಸಿದರೆ ಬಾರ್ ಇನ್ನಷ್ಟು ಬಾಗುತ್ತದೆ, ಇನ್ನಷ್ಟು ತೂಕ ಮುಂದಕ್ಕೆ ಹೋಗುತ್ತದೆ. ಎರಡೂ ಕಡೆ ಕೊಂಡಿ ಲೆಕ್ಕ ಒಂದೇ ಇರಲಿ. ಎರಡು, ಹಿಚ್ ತಲೆಯ ಓರೆ. ಚೈನ್ ತುಂಬ ಗಿಡ್ಡ ಆಗುತ್ತಿದ್ದರೆ, ತಲೆಯನ್ನು ಹಿಂದಕ್ಕೆ ಇನ್ನಷ್ಟು ಓರೆ ಮಾಡಬೇಕು. ಅದಕ್ಕೆ ಒಳಗೆ ವಾಷರ್‌ಗಳಿರುತ್ತವೆ, ಕೆಲವದರಲ್ಲಿ ಹಲ್ಲಿನ ಜೋಡಣೆ ಇರುತ್ತದೆ. ಒಂದು ವಾಷರ್ ಸೇರಿಸಿದರೂ ಬಾರ್ ತುದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಮೂರು, ಬಾರ್‌ನ ಶಕ್ತಿ. ಬಾರ್‌ಗಳು 600, 800, 1,000, 1,200 ಪೌಂಡ್ ಅಂತ ಬರುತ್ತವೆ. ನಿಮ್ಮ ನಿಜವಾದ ಬಾಲ್ ತೂಕಕ್ಕಿಂತ ಸಣ್ಣ ಬಾರ್ ಹಾಕಿದ್ದರೆ ಎಷ್ಟು ಬಿಗಿದರೂ ಪ್ರಯೋಜನ ಇಲ್ಲ. ಹಾಗಂತ ತೀರಾ ದೊಡ್ಡದೂ ಬೇಡ. ಅದು ಬಾಗುವುದೇ ಇಲ್ಲ, ಪ್ರತಿ ಹೊಂಡದಲ್ಲೂ ಫ್ರೇಮ್‌ಗೆ ಏಟು ಕೊಡುತ್ತದೆ.

ಬಾರ್ ಬಿಗಿಯುವಾಗ ಕೈಬಲ ಬಳಸಬೇಡಿ. ಕಪ್ಲರ್ ಲಾಕ್ ಆದ ಮೇಲೆ ಟ್ರೇಲರ್ ಜ್ಯಾಕ್‌ನಿಂದ ಟ್ರೇಲರ್ ಮೂತಿ ಮತ್ತು ಗಾಡಿಯ ಹಿಂಭಾಗ ಎರಡನ್ನೂ ಒಟ್ಟಿಗೆ ಎತ್ತಿ. ಆಗ ಬಾರ್ ಸಲೀಸಾಗಿ ಕೂರುತ್ತದೆ. ಬಿಗಿದ ಬಾರ್‌ನಲ್ಲಿ ನೂರಾರು ಪೌಂಡ್ ಒತ್ತಡ ಇರುತ್ತದೆ, ಬಿಚ್ಚುವಾಗ ಚಿಮ್ಮಿದರೆ ಕೈ ಮುರಿಯುತ್ತದೆ. ಮುಖ ಮತ್ತು ಮಂಡಿ ದೂರ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಸರ್ಜ್ ಬ್ರೇಕ್ (ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವ ಬ್ರೇಕ್) ಇರುವ ಬೋಟ್ ಟ್ರೇಲರ್‌ಗೆ ಎಲ್ಲ ಹಿಚ್‌ಗಳೂ ಹೊಂದುವುದಿಲ್ಲ. ತಯಾರಕರ ಸೂಚನೆ ನೋಡಿಯೇ ಹಾಕಿ.

ಏರ್ ಸ್ಪ್ರಿಂಗ್: ಯಾವಾಗ ಸರಿ, ಯಾವಾಗ ಮುಸುಕು

ಫೋರ್ಟ್ ವರ್ತ್ ಹತ್ತಿರ ಇರುವ ನನ್ನ ಸ್ನೇಹಿತರೊಬ್ಬರ ಗಾಡಿಯ ಕಥೆ ಈ ದೋಷದ ಒಳ್ಳೆಯ ನಮೂನೆ. ಕುಸಿಯುತ್ತದೆ ಅಂತ ಒಂದು ಅಂಗಡಿಯಲ್ಲಿ ಏರ್ ಸ್ಪ್ರಿಂಗ್ ಹಾಕಿಸಿದರು. ಗಾಳಿ ತುಂಬಿದರೆ ಬಂಪರ್ ಗೆರೆ ಎಳೆದ ಹಾಗೆ ನೇರ. ಆದರೆ ಅಡ್ಡಗಾಳಿ ಬೀಸಿದಾಗ ಗಾಡಿ ಮೊದಲಿನಷ್ಟೇ ಅಲೆಯುತ್ತಿತ್ತು. ಟೇಪ್ ಹಿಡಿದು ನೋಡಿದರೆ ಮುಂದಿನ ಫೆಂಡರ್ ಇನ್ನೂ ಒಂದು ಇಂಚಿಗಿಂತ ಮೇಲೆಯೇ ಇತ್ತು. ಹಿಂಭಾಗ ಗಾಳಿಯಿಂದ ಎದ್ದಿದ್ದರಿಂದ ಸ್ಪ್ರಿಂಗ್ ಬಾರ್‌ಗಳಿಗೆ ಬಾಗುವ ಕೆಲಸವೇ ಉಳಿದಿರಲಿಲ್ಲ, ಚೈನ್ ಸಡಿಲವಾಗಿತ್ತು. ಗಾಳಿ ಇಳಿಸಿ, ಹಿಚ್ ತಲೆಗೆ ವಾಷರ್ ಸೇರಿಸಿ ಬಾರ್ ಬಿಗಿದಾಗ ಮುಂಭಾಗ ಅರ್ಧಕ್ಕೆ ಇಳಿಯಿತು. ಸ್ಟೀರಿಂಗ್‌ನಲ್ಲಿ ಅವತ್ತೇ ವ್ಯತ್ಯಾಸ ಗೊತ್ತಾಯಿತು.

ಹಾಗಾದರೆ ಏರ್ ಸ್ಪ್ರಿಂಗ್ ಬೇಡವೇ ಬೇಡವಾ? ಬೇಕಾಗುವ ಜಾಗ ಇದೆ. ಬೆಡ್‌ನಲ್ಲೇ ಭಾರ ಹೇರಿದಾಗ ಅದು ಸರಿಯಾದ ಮದ್ದು. ಬೆಡ್ ನಡುವೆ ಕೂರುವ ಫಿಫ್ತ್ ವೀಲ್ ಅಥವಾ ಗೂಸ್‌ನೆಕ್ ಟ್ರೇಲರ್‌ಗೂ ಅಷ್ಟೇ. ಅವುಗಳ ತೂಕ ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ಸ್ವಲ್ಪ ಮುಂದೆ ಬೀಳುತ್ತದೆ, ಮುಂದಿನ ಚಕ್ರ ತೂಕ ಕಳೆದುಕೊಳ್ಳುವುದಿಲ್ಲ. ಅಲ್ಲಿ ಹಿಂಭಾಗ ಕುಸಿದರೆ, ಮಿತಿಯೊಳಗಿದ್ದರೆ, ಗಾಳಿ ತುಂಬಿ ಎತ್ತಿಕೊಳ್ಳಿ.

ಎರಡನ್ನೂ ಬಳಸುವವರು ಈ ಕ್ರಮ ಇಟ್ಟುಕೊಳ್ಳಿ. ಬೆಡ್‌ನ ಸಾಮಾನಿಗೆ ಬೇಕಾದಷ್ಟೇ ಗಾಳಿ ಮೊದಲು. ಆಮೇಲೆ ಟ್ರೇಲರ್ ಸಿಕ್ಕಿಸಿ, ಮುಂದಿನ ಫೆಂಡರ್ ನೋಡಿ ಬಾರ್ ಬಿಗಿಯಿರಿ. ಕೊನೆಗೆ ಹಿಂದೆ ಇನ್ನೂ ತಗ್ಗಿದ್ದರೆ ಸ್ವಲ್ಪ ಗಾಳಿ ಸೇರಿಸಿ, ಮುಂಭಾಗವನ್ನು ಮತ್ತೆ ಅಳೆಯಿರಿ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

ಏರ್ ಸ್ಪ್ರಿಂಗ್ ಹಾಕಿದ ಗಾಡಿ ರಾತ್ರಿ ಕಳೆಯುವುದರೊಳಗೆ ಕುಸಿಯುತ್ತಿದ್ದರೆ ಸೋಪಿನ ನೀರು ಹಚ್ಚಿ. ಪೈಪ್ ಸೇರುವ ಜಾಗದಲ್ಲಿ ಮತ್ತು ಗಾಳಿ ತುಂಬುವ ವಾಲ್ವ್‌ನಲ್ಲಿ ಗುಳ್ಳೆ ಏಳುತ್ತದಾ ನೋಡಿ. ಪೈಪಿನ ತುದಿ ಓರೆಯಾಗಿ ಕತ್ತರಿಸಿದ್ದರೆ ಅಲ್ಲೇ ಸೋರುತ್ತದೆ. ಚೂಪು ಬ್ಲೇಡಿನಿಂದ ನೇರ ಕತ್ತರಿಸಿ ಮತ್ತೆ ತಳ್ಳಿದರೆ ನಿಲ್ಲುತ್ತದೆ. ಗಾಳಿಯನ್ನು ಪೂರ್ತಿ ಖಾಲಿ ಮಾಡಿ ಓಡಿಸಬೇಡಿ. ತಯಾರಕರು ಹೇಳಿದ ಕನಿಷ್ಠ ಗಾಳಿ ಯಾವಾಗಲೂ ಇರಬೇಕು, ಇಲ್ಲದಿದ್ದರೆ ರಬ್ಬರ್ ಮಡಚಿ ಹರಿಯುತ್ತದೆ.

ಕಂಪನಿಯಿಂದಲೇ ಏರ್ ಸಸ್ಪೆನ್ಷನ್ ಬಂದಿರುವ ಗಾಡಿಗಳಲ್ಲಿ, ಉದಾಹರಣೆಗೆ ಕೆಲವು ರ‍್ಯಾಮ್ 1500 ಪಿಕಪ್‌ಗಳಲ್ಲಿ, ಗಾಡಿ ತಾನೇ ಮಟ್ಟ ಮಾಡಿಕೊಳ್ಳುತ್ತದೆ. ಹೀಗಾಗಿ ನೀವು ಬಾರ್ ಬಿಗಿಯುತ್ತಿರುವಾಗಲೇ ಅದು ಎತ್ತರ ಬದಲಿಸಿ ಟೇಪ್ ಲೆಕ್ಕ ತಪ್ಪಿಸುತ್ತದೆ. ಅಳೆಯುವಾಗ ಯಾವ ಮೋಡ್‌ನಲ್ಲಿ ಇಡಬೇಕು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಇಂಥ ಗಾಡಿಗಳಿಗೆ ತೂಕದ ಚೀಟಿಯೇ ಹೆಚ್ಚು ನಂಬಿಕೆಯದು.

ಒಂದು ಕಡೆ ಮಾತ್ರ ವಾಲಿದ್ದರೆ

ಎಡಕ್ಕೂ ಬಲಕ್ಕೂ ಕಾಲು ಇಂಚಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ಟ್ರೇಲರ್ ಕಳಚಿ ಮತ್ತೆ ಅಳೆಯಿರಿ. ಆಗಲೂ ವಾಲಿದ್ದರೆ ದೋಷ ಗಾಡಿಯದ್ದೇ. ಕೆಳಗೆ ಟಾರ್ಚ್ ಬಿಟ್ಟು ಕಮಾನು ಪಟ್ಟಿಗಳನ್ನು ಒಂದೊಂದಾಗಿ ನೋಡಿ. ಮುರಿದ ಪಟ್ಟಿ ಹೆಚ್ಚಾಗಿ ಆಕ್ಸಲ್ ಹತ್ತಿರ, ಯು-ಬೋಲ್ಟ್ ಅಂಚಿನಲ್ಲಿ ಬಿರುಕು ಬಿಟ್ಟಿರುತ್ತದೆ. ಪಟ್ಟಿ ಪಕ್ಕಕ್ಕೆ ಸರಿದಿದ್ದರೆ ನಡುವಿನ ಬೋಲ್ಟ್ ತುಂಡಾಗಿರಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಓಡಿದ ಗಾಡಿಯಾದರೆ ಶ್ಯಾಕಲ್ (ಕಮಾನು ಪಟ್ಟಿಯ ತುದಿಯನ್ನು ಫ್ರೇಮ್‌ಗೆ ಜೋಡಿಸುವ ಕೊಂಡಿ) ಮತ್ತು ಅದು ಫ್ರೇಮ್‌ಗೆ ಸೇರುವ ಜಾಗ ತುಕ್ಕು ತಿಂದಿದೆಯಾ ಅಂತ ಸುತ್ತಿಗೆಯಿಂದ ಮೆತ್ತಗೆ ತಟ್ಟಿ ನೋಡಿ. ಮುರಿದ ಪಟ್ಟಿ ಇಟ್ಟುಕೊಂಡು ಟ್ರೇಲರ್ ಎಳೆಯಲೇಬೇಡಿ.

ಟ್ರೇಲರ್ ಇದ್ದಾಗ ಮಾತ್ರ ವಾಲುತ್ತಿದ್ದರೆ ಎರಡು ಕಡೆಯ ಚೈನ್ ಕೊಂಡಿ ಎಣಿಸಿ. ಏರ್ ಸ್ಪ್ರಿಂಗ್ ಇದ್ದರೆ ಎರಡಕ್ಕೂ ಒಂದೇ ಪೈಪ್ ಇದೆಯಾ ನೋಡಿ. ಒಂದೇ ಪೈಪ್ ಆದರೆ ತಿರುವಿನಲ್ಲಿ ಗಾಳಿ ಭಾರ ಇರುವ ಕಡೆಯಿಂದ ಹಗುರ ಇರುವ ಕಡೆಗೆ ಓಡಿಹೋಗುತ್ತದೆ. ಎರಡು ಬೇರೆ ಪೈಪ್ ಮಾಡಿಸಿ.

ಮಟ್ಟ ಸರಿಯಿದೆ, ಆದರೂ ಕುಣಿಯುತ್ತದೆ

ಕಾಂಕ್ರೀಟ್ ಹೈವೇಗಳ ಜಾಯಿಂಟ್ ಮೇಲೆ ಗಾಡಿ ಮೂತಿ ಮೇಲೆ ಕೆಳಗೆ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸವೆದಿರಬಹುದು, ಇಲ್ಲವೇ ಬಾರ್ ಬಿಗಿತ ಕಡಿಮೆ ಇರಬಹುದು. ಟೈರ್ ಕೂಡ ನೋಡಿ. ಹಿಂದಿನ ಟೈರ್‌ಗಳ ಗಾಳಿ ಕಡಿಮೆ ಇದ್ದರೆ ಗಾಡಿಯ ಹಿಂಭಾಗ ಅಕ್ಕಪಕ್ಕ ಜೋಲುತ್ತದೆ, ಅದು ಟ್ರೇಲರ್‌ನ ದೋಷ ಅನಿಸುತ್ತದೆ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿದ್ದಾಗ, ಬಾಗಿಲ ಸ್ಟಿಕ್ಕರ್ ಮತ್ತು ಮ್ಯಾನುಯಲ್ ಹೇಳಿದಷ್ಟು ತುಂಬಿ.

ಎಲ್ಲ ಸರಿಪಡಿಸಿದ ಮೇಲೆ ರಾತ್ರಿ ಒಂದು ಗೋಡೆಯ ಎದುರು ಗಾಡಿ ನಿಲ್ಲಿಸಿ. ಟ್ರೇಲರ್ ಇಲ್ಲದಾಗ ಹೆಡ್‌ಲೈಟ್ ಬೆಳಕಿನ ಮೇಲಂಚು ಎಲ್ಲಿ ಬೀಳುತ್ತದೆ, ಟ್ರೇಲರ್ ಇದ್ದಾಗ ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕಿಕೊಳ್ಳಿ. ಅಳತೆಗಳು ಸರಿ ಬಂದ ಮೇಲೂ ಬೆಳಕು ಸ್ವಲ್ಪ ಮೇಲಿರುತ್ತದೆ, ಹಿಂಭಾಗ ಅಷ್ಟಿಷ್ಟು ತಗ್ಗಿರುವುದರಿಂದ. ಅಷ್ಟನ್ನು ಹೆಡ್‌ಲೈಟ್ ಸ್ಕ್ರೂನಿಂದ ಇಳಿಸಿಕೊಳ್ಳಿ, ಮನೆಗೆ ವಾಪಸ್ ಬಂದು ಟ್ರೇಲರ್ ಕಳಚಿದ ಮೇಲೆ ಮತ್ತೆ ಮೊದಲಿನ ಗುರುತಿಗೆ ತಂದುಬಿಡಿ.